ಐದು ಗೀರಿನ ಪೆಟ್ಟಿಗೆ

ದಾವಣಗೆರೆಯ ಮಂಡಿಪೇಟೆಯಲ್ಲಿ ಮಸ್ತಾನಸಾಬರ ಮೈಕ್ ಸೆಟ್ ಅಂಗಡಿ ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಜಾಗ. ಮದುವೆಗೆ, ನಾಟಕಕ್ಕೆ, ಉರುಸಿಗೆ, ಓಟಿನ ಭಾಷಣಕ್ಕೆ ಯಾರಿಗೇ ಹಾರ್ನು ಕಟ್ಟಿಸುವುದಿದ್ದರೂ ಅಲ್ಲಿಗೇ ಬರುತ್ತಿದ್ದರು. ಬಂದವರು ಸಾಬರಿಗೆ ಕೈಯೆತ್ತಿ ಮುಗಿದು, "ಪಾಲಯ್ಯನ್ನೇ ಕಳಿಸ್ರಿ ಸಾಬ್ರೆ, ಬ್ಯಾರೆಯವ್ರು ಬ್ಯಾಡ" ಎನ್ನುವರು. ಅದರಲ್ಲೂ ಮಿಲ್ಲಿನ ಓಣಿಗಳ ಜನ ಪಾಲಯ್ಯನನ್ನು ಬಿಟ್ಟು ಇನ್ನೊಬ್ಬನನ್ನು ಒಪ್ಪುತ್ತಲೇ ಇರಲಿಲ್ಲ. ಅವನು ಕಟ್ಟಿದ ಹಾರ್ನಿನಲ್ಲಿ ಮಾತು ಬಿಡಿಬಿಡಿಯಾಗಿ ಕೇಳುತ್ತದೆಂಬುದು ಅವರ ಮೆಚ್ಚಿಕೆ. ಆ ಮೆಚ್ಚಿಕೆಯೇ ತನ್ನನ್ನು ದಾರಿ ತಪ್ಪಿಸಿತೆಂಬುದು ಪಾಲಯ್ಯನಿಗೆ ಬಹಳ ತಡವಾಗಿ ತಿಳಿಯಿತು.

ಪಾಲಯ್ಯ ಆನೆಕೊಂಡದವನು. ತಂದೆತಾಯಿ ಬೇಗ ಹೋದದ್ದರಿಂದ ಅವನನ್ನು ಸಾಕಿದವಳು ಅಕ್ಕ ಯಲ್ಲಕ್ಕ. ಮದುವೆಯಾದ ಐದನೆಯ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಅವಳು ಕೂಸು ನೀಲಳನ್ನು ಸೊಂಟದ ಮೇಲಿಟ್ಟುಕೊಂಡು ತವರಿಗೆ ಬಂದಳು. ಹತ್ತಿ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸ ಹಿಡಿದಳು. ನೂಲಿನ ಯಂತ್ರಗಳ ಪಕ್ಕದಲ್ಲೇ ಮಗ್ಗಗಳು. ನೂರಾರು ಮಗ್ಗ ಒಮ್ಮೆಲೇ ಬಡಿಯುವಾಗ ಎದುರಿಗೆ ನಿಂತವರು ಅರಚಿದರೂ ಕೇಳುವಂತಿರಲಿಲ್ಲ. ಆದ್ದರಿಂದ ಮಿಲ್ಲಿನ ಹೆಂಗಸರು ದನಿಯಿಲ್ಲದೆ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ತುಟಿಯನ್ನು ದೊಡ್ಡದಾಗಿ ಆಡಿಸುವುದು, ಎರಡು ಬೆರಳಲ್ಲಿ ಸನ್ನೆ ಮಾಡುವುದು, ಹುಬ್ಬಿನಲ್ಲಿ ಪ್ರಶ್ನೆ ಕೇಳುವುದು. ಯಾರ ಸೊಸೆ ಬಸುರಿ, ಯಾರ ಮನೆಯಲ್ಲಿ ಜಗಳ, ಇವತ್ತು ಸಾರಿಗೆ ಏನು, ಎಲ್ಲವೂ ಅಷ್ಟರಲ್ಲೇ ಸಾಗುತ್ತಿತ್ತು. ಊರಿನವರು ಅದನ್ನು ಮಿಲ್ ಮಾತು ಎನ್ನುತ್ತಿದ್ದರು.

ಪಾಲಯ್ಯನೂ ಹದಿನಾರನೆಯ ವಯಸ್ಸಿನಲ್ಲಿ ಮಗ್ಗದ ಮುಂದೆ ನಿಂತವನೇ. ಆರು ವರ್ಷ ದುಡಿದ. ಒಂದು ದಿನ ಯಲ್ಲಕ್ಕ ಅವನ ರಟ್ಟೆ ಹಿಡಿದು ಮಸ್ತಾನಸಾಬರ ಅಂಗಡಿಗೆ ಕರೆತಂದಳು.

"ಇವ್ನಿಗೆ ನಿಮ್ಮ ವಿದ್ಯೆ ಕಲಿಸ್ರಿ ಸಾಬ್ರೆ. ನನ್ನ ಕಿವಿ ಹೋಗ್ಲಿ, ಇವನ್ದಾದ್ರೂ ಉಳೀಲಿ."

ಸಾಬರು ನಕ್ಕು, "ಕೂಡ್ರಿ ಯಲ್ಲಕ್ಕ. ಕಿವಿ ಉಳಿಸೋಕೆ ಹಾರ್ನಿನ ಅಂಗಡಿಗೆ ಕರ್ಕೊಂಡು ಬಂದೋರು ನೀವೊಬ್ರೇ!" ಎಂದರು.

ಅವರು ನಕ್ಕದ್ದೇನೋ ಅವಳಿಗೆ ಕಂಡಿತು. ಆಡಿದ ಮಾತು ಮೀಸೆಯೊಳಗೆ ಮುಚ್ಚಿಹೋಯಿತು. ಆ ಹೊತ್ತಿಗಾಗಲೇ ಯಲ್ಲಕ್ಕನಿಗೆ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಪೂರ್ತಿ ಕಿವುಡಲ್ಲ. ಗಾಡಿಯ ಗಾಲಿ, ಗುಡುಗು, ಗಂಡಸರ ದಪ್ಪ ದನಿ ಕೇಳುವುವು; ಆದರೆ ಮಾತಿನ ಮೊನೆ ಕೇಳದು. ಸಣ್ಣ ದನಿಯವರದಂತೂ ತುಟಿ ನೋಡದೆ ಒಂದಕ್ಷರವೂ ತಿಳಿಯದು. ನೀಲಳದು ಬಹಳ ಸಣ್ಣ ದನಿ.

ಪಾಲಯ್ಯನಿಗೆ ಕೆಲಸ ಬೇಗ ಹಿಡಿಯಿತು. ದನಿ ಹೆಚ್ಚಿಸುವ ಆಂಪ್ಲಿಫೈಯರಿನ ವಾಲ್ವು, ಕಂಡೆನ್ಸರು, ಸುರುಳಿ ಒಂದೊಂದರ ಗುಣವನ್ನೂ ಅವನು ಮನುಷ್ಯರ ಗುಣ ತಿಳಿದುಕೊಳ್ಳುವಂತೆ ತಿಳಿದುಕೊಂಡ. ಕಂಡೆನ್ಸರಿನ ಒಂದು ಗುಣ ಅವನ ಮನಸ್ಸಿನಲ್ಲಿ ನಾಟಿತು. ಸಣ್ಣ ಕಂಡೆನ್ಸರಿನ ಮೂಲಕ ಹಾದುಬಂದ ದನಿಯಲ್ಲಿ ದಪ್ಪ ಸದ್ದು ಹಿಂದೆ ಉಳಿದು, ಚೂಪು ಸದ್ದು ಮಾತ್ರ ಮುಂದೆ ಬರುತ್ತದೆ. ಮಾತಿನ ಮೊನೆ ಇರುವುದು ಆ ಚೂಪಿನಲ್ಲೇ. ಅಕ್ಕನ ಕಿವಿ ಕಳೆದುಕೊಂಡದ್ದೂ ಅದನ್ನೇ. ಹಾಗಾದರೆ ಅವಳ ಕಿವಿ ಬಿಟ್ಟದ್ದನ್ನು ಹಾರ್ನು ಎತ್ತಿ ಕೊಡಬಾರದೇಕೆ?

ಒಂದೂವರೆ ವರ್ಷ ಅವನು ಅದನ್ನೇ ಹಿಡಿದು ಕುಳಿತ. ಬೇರೆಬೇರೆ ಅಳತೆಯ ಐದು ಕಂಡೆನ್ಸರುಗಳನ್ನು ಸಾಲಾಗಿ ಇಟ್ಟು, ಬೇಕಾದದ್ದನ್ನು ಆರಿಸಿಕೊಳ್ಳಲು ಒಂದು ಗುಂಡಿ ಕೂರಿಸಿದ. ಆ ಗುಂಡಿ ಅಕ್ಕನ ಕೈಯಲ್ಲೇ ಇರಬೇಕೆಂಬುದು ಅವನ ಹಟ. ತನಗೆಷ್ಟು ಬೇಕೆಂಬುದು ಅವಳಿಗಲ್ಲದೆ ಯಾರಿಗೆ ಗೊತ್ತು? ಉದ್ದನೆಯ ವೈರು ಎಳೆದು ಪೆಟ್ಟಿಗೆಯನ್ನು ಅವಳ ಮಡಿಲಿನಲ್ಲಿಟ್ಟರೆ ಹಾರ್ನಿನಲ್ಲಿ ಗುಂಯ್ ಎಂಬ ಸದ್ದು ಎದ್ದಿತು. ಜೊತೆಗೆ ಬೇಕಾದ ಚೂಪನ್ನೇ ವೈರು ನುಂಗಿಬಿಟ್ಟಿತು. ತಲೆ ಕೆಡಿಸಿಕೊಂಡು ಕುಳಿತಿದ್ದವನಿಗೆ ಒಂದು ಮಧ್ಯಾಹ್ನ ಮಂಡಕ್ಕಿ ತಿನ್ನುತ್ತಿರುವಾಗ ಹೊಳೆಯಿತು.

"ಸಾಬ್ರೆ, ವೈರಿನಾಗ ದನಿ ಕಳಿಸಬಾರ್ದು. ಅಪ್ಪಣೆ ಮಾತ್ರ ಕಳಿಸಬೇಕು!"

"ಯಾವ ಬಾದಶಹನ ಅಪ್ಪಣೆಯಪ್ಪ?"

"ನಮ್ಮ ಅಕ್ಕಂದು!"

ಸಾಬರು ಗುಜರಿಯಿಂದ ಟೆಲಿಫೋನಿನ ಹಳೆಯ ರಿಲೇಗಳನ್ನು ತರಿಸಿಕೊಟ್ಟರು. ಸ್ವಲ್ಪ ವಿದ್ಯುತ್ತು ಹರಿದರೆ ಸಾಕು, ಟಕ್ ಎಂದು ಎಳೆದುಕೊಂಡು ದಾರಿ ಬದಲಿಸುವ ಸಣ್ಣ ಸಾಧನಗಳು ಅವು. ಪಾಲಯ್ಯ ಕಂಡೆನ್ಸರುಗಳನ್ನೂ ರಿಲೇಗಳನ್ನೂ ಆಂಪ್ಲಿಫೈಯರಿನೊಳಗೆ ಇಟ್ಟ. ಅಕ್ಕನ ಕೈಗೆ ಹೋದದ್ದು ಬರಿಯ ಬ್ಯಾಟರಿ ಮತ್ತು ಗುಂಡಿ. ಅವಳು ಮೂವತ್ತು ಮೊಳ ದೂರದಲ್ಲಿ ಕುಳಿತು ಗುಂಡಿ ತಿರುಗಿಸಿದರೆ ಇಲ್ಲಿ ದನಿಯ ದಾರಿ ಬದಲಾಗುವುದು. ಓದು ಬಾರದ ಅವಳ ಬೆರಳಿಗೆ ತಿಳಿಯಲೆಂದು ತೇಗದ ಪೆಟ್ಟಿಗೆಯ ಮೇಲೆ ಗುಂಡಿಯ ಸುತ್ತ ಅರದಿಂದ ಐದು ಗೀರು ಕೊರೆದ. ಒಂದನೆಯ ಗೀರಿನಲ್ಲಿ ದನಿ ಇದ್ದ ಹಾಗೆ; ಐದನೆಯದರಲ್ಲಿ ಅತಿ ಚೂಪು.

ಒಂದೇ ಒಂದು ಊನ ಉಳಿಯಿತು. ಗುಂಡಿ ತಿರುಗಿಸಿದಾಗಲೆಲ್ಲ ಹಾರ್ನಿನಲ್ಲಿ ಟಕ್ ಎಂಬ ದಪ್ಪ ಸದ್ದು ಬರುತ್ತಿತ್ತು. ಎಷ್ಟು ಹೆಣಗಿದರೂ ಅದು ಹೋಗಲಿಲ್ಲ. ಪಾಲಯ್ಯನಿಗೆ ಅದೊಂದು ನಾಚಿಕೆ.

ಆನೆಕೊಂಡದ ಮನೆಯ ಜಗಲಿಯಲ್ಲಿ ಪರೀಕ್ಷೆ ನಡೆಯಿತು. ಯಲ್ಲಕ್ಕ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೀದಿಯಾಚೆಯ ಕಟ್ಟೆಯ ಮೇಲೆ ಕುಳಿತಳು. ಹದಿನಾಲ್ಕು ವರ್ಷದ ನೀಲ ಒಳಗಿನಿಂದ, ಮುಖ ಕಾಣದ ಹಾಗೆ, ಮೈಕಿಗೆ ಬಾಯಿಟ್ಟು "ಅವ್ವಾ" ಎಂದಳು. ಯಲ್ಲಕ್ಕ ಮೂರಕ್ಕೆ ತಿರುಗಿಸಿದಳು. "ಅವ್ವಾ, ಸಂಜಿಗೆ ಏನ್ ಸಾರು?" ನಾಲ್ಕಕ್ಕೆ ತಿರುಗಿಸಿದಳು. ಬೆರಳು ಅಲ್ಲೇ ನಿಂತುಬಿಟ್ಟಿತು.

"ಇವಳ ದನಿ ಹಿಂಗೈತೇನೋ ಪಾಲಯ್ಯ?" ಎಂದಳು. "ನಾನು ಇನ್ನೂ ಕೂಸಿನ ದನಿ ಇಟ್ಕಂಡಿದ್ದೆ ತಲಿಯೊಳಗೆ."

ಓಣಿಯವರೆಲ್ಲ ಬಂದು ಕೇಳಿ ಹೋದರು. ಮಗ್ಗದ ಕೆಂಚಣ್ಣ, "ಬೋ ಶುದ್ಧ ಐತೆ ಬಿಡು, ಗಾಜಿನಂಗೈತೆ" ಎಂದ. ಪಾಲಯ್ಯನಿಗೂ ಗಾಜಿನ ಹಾಗೆಯೇ ಕೇಳಿತು. ಮಸ್ತಾನಸಾಬರು ಮಾತ್ರ ಕಿವಿಯ ತುದಿಯನ್ನು ಉಜ್ಜಿಕೊಂಡರು.

ನೀಲ ಆಗ ಒಂದು ಭಾಷಣ ಬಾಯಿಪಾಠ ಮಾಡುತ್ತಿದ್ದಳು. ದಾವಣಗೆರೆ, ಹರಿಹರ ಎರಡೂ ತಾಲ್ಲೂಕುಗಳ ಶಾಲೆಗಳ ಭಾಷಣ ಸ್ಪರ್ಧೆಯಲ್ಲಿ ಅವಳಿಗೆ ಮೊದಲನೆಯ ಬಹುಮಾನ ಬಂದಿದ್ದಿತು. ಹರಿಹರದಲ್ಲಿ ಬಹುಮಾನ ಹಂಚುವ ಸಭೆ. ಅಲ್ಲಿ ಅವಳು ಮಾತಾಡಬೇಕು. ಅದನ್ನೇ ಇಲ್ಲಿ ಒಮ್ಮೆ ಹೇಳೆಂದು ಯಲ್ಲಕ್ಕ ಬೇಡಿಕೊಂಡಳು.

"ಈಗ ಬ್ಯಾಡವ್ವ. ಇಲ್ಲೇ ಹೇಳಿಬಿಟ್ರೆ ಅಲ್ಲಿ ಮರ್ತು ಹೋಗ್ತೈತೆ. ಹರಿಹರದಾಗ ಎಲ್ರ ಜೋಡಿ ಕೇಳುವಂತಿ."

"ಆಯ್ತು ತಾಯಿ, ಅಲ್ಲೇ ಕೇಳ್ತೀನಿ" ಎಂದು ಯಲ್ಲಕ್ಕ ಪೆಟ್ಟಿಗೆಯ ಮೇಲೆ ಸೆರಗು ಹೊದಿಸಿದಳು. ಅಂದಿನಿಂದ ಸಭೆಯ ದಿನದವರೆಗೂ ಆ ಪೆಟ್ಟಿಗೆಯನ್ನು ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಮಿಲ್ಲಿನಲ್ಲಿ ಒಂದು ದಿನದ ರಜೆ ಕೇಳಿಕೊಂಡಳು. ಹದಿಮೂರು ವರ್ಷದಲ್ಲಿ ಸಾವು, ಜ್ವರ ಬಿಟ್ಟು ಬೇರೆ ಕಾರಣಕ್ಕೆ ಅವಳು ಪಡೆದ ಮೊದಲ ರಜೆ ಅದು. ಜೊತೆಗಾತಿಯರಿಗೆಲ್ಲ ಮಿಲ್ ಮಾತಿನಲ್ಲಿ ತುಟಿ ಅಗಲಿಸಿ ಹೇಳಿದಳು: "ನನ್ನ ಮಗಳ ಮಾತು ಕೇಳಾಕ ಹೊಂಟೀನಿ." 'ಕೇಳಾಕ' ಎಂಬಲ್ಲಿ ಎರಡು ಬೆರಳನ್ನು ಕಿವಿಗೆ ತಟ್ಟಿ ತೋರಿಸಿದಳು.

ಸಭೆ ಮಧ್ಯಾಹ್ನ ಮೂರಕ್ಕೆ. ಪಾಲಯ್ಯ ಬೆಳಗಿನ ಬಸ್ಸಿನಲ್ಲಿ ಸಾಮಾನು ಹೇರಿಕೊಂಡು ಹೋಗಿ, ಶಾಲೆಯ ಬಯಲಿನಲ್ಲಿ ನಾಲ್ಕು ಹಾರ್ನು ಕಟ್ಟಿ ಮುಗಿಸಿದ. ಎರಡು ಗಂಡಸರ ಕಡೆಗೆ, ಎರಡು ಹೆಂಗಸರ ಕಡೆಗೆ. ಹೊಳೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಯಲ್ಲಕ್ಕನನ್ನು ಹೆಂಗಸರ ಸಾಲಿನ ತುದಿಯಲ್ಲಿ ಕೂರಿಸಿ, ಪೆಟ್ಟಿಗೆಯನ್ನು ಮಡಿಲಿಗಿಟ್ಟು, ವೈರನ್ನು ಚಾಪೆಯಡಿ ಹಾಯಿಸಿ ತನ್ನ ಮೇಜಿಗೆ ತಂದುಕೊಂಡ. ಅವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು.

ಮೊದಲು ಪ್ರಾರ್ಥನೆ, ಆಮೇಲೆ ಸಭೆಯ ಕಾರ್ಯದರ್ಶಿ ರಾಮಚಂದ್ರಪ್ಪನವರ ಸ್ವಾಗತ. ಯಲ್ಲಕ್ಕ ಒಂದೊಂದೇ ಗೀರು ತಿರುಗಿಸಿ ನೋಡಿದಳು. ಟಕ್. ಟಕ್. ನಾಲ್ಕಕ್ಕೆ ನಿಂತಳು; ನಾಲ್ಕೂ ಹಾರ್ನಿನ ದನಿ ಚೂಪಾಯಿತು. ಅವಳ ಮುಖ ಅರಳಿತು. ರಾಮಚಂದ್ರಪ್ಪನವರ ಮಾತಾದರೂ ಆಗಲಿ, ಸಭೆಯೊಂದರಲ್ಲಿ ಅವಳು ಮಾತು ಕೇಳಿ ಎಷ್ಟೋ ವರ್ಷವಾಗಿತ್ತು.

ಆದರೆ ಅತ್ತ ಸಭೆಯಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಯಾರೋ, "ತಗಡು ಕೆರೆದಂಗೈತಲ್ರೀ!" ಎಂದು ಕೂಗಿದರು. ಇನ್ನೊಬ್ಬರು, "ಡಬ್ಬಿಯೊಳಗೆ ಜೀರುಂಡೆ ಬಿಟ್ಟಾನೇನು?" ಎಂದರು. ನಗೆ ಹರಡಿತು. ಪಾಲಯ್ಯನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅವನ ಕಿವಿಗೆ ದನಿ ಸ್ವಚ್ಛವಾಗಿಯೇ ಇತ್ತು. ಆನೆಕೊಂಡದಲ್ಲಿ ಇಡೀ ಓಣಿ ಮೆಚ್ಚಿದ ದನಿ ಇಲ್ಲಿನವರಿಗೇಕೆ ಕೆರೆಯುತ್ತದೆ?

ಸ್ವಾಗತ ಮುಗಿಸಿದ ರಾಮಚಂದ್ರಪ್ಪನವರು ನೇರವಾಗಿ ಮೇಜಿನ ಬಳಿಗೆ ಬಂದರು. ಕೆಟ್ಟವರಲ್ಲ, ಸಭೆ ಕೆಡುತ್ತದೆಂದು ಗಾಬರಿಯಾಗಿದ್ದರು.

"ಏನ್ರೀ ಇದು, ದಾವಣಗೆರೆಯಿಂದ ಇದನ್ನ ಹೊತ್ಕೊಂಡು ಬಂದ್ರಾ? ಅಧ್ಯಕ್ಷರು ತಲೆನೋವು ಅಂತಾರೆ. ಸರಿ ಮಾಡ್ತೀರೋ, ಬ್ಯಾರೆ ಸೆಟ್ಟು ತರಿಸ್ಲೋ?"

"ಅದು ನಮ್ಮ ಅಕ್ಕನಿಗೆ ಸಾರ್, ಆಕಿಗೆ ಕಿವಿ..."

"ನಿಮ್ಮ ಅಕ್ಕನಿಗಾಗಿ ಐನೂರು ಮಂದಿ ಕಿವಿ ಹರ್ಕೊಬೇಕೇನ್ರಿ?"

ಹತ್ತಿರದಲ್ಲಿ ಕುಳಿತಿದ್ದವರು ನಕ್ಕರು. ಪಾಲಯ್ಯನ ಕತ್ತು ಕೆಂಪಾಯಿತು. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಅವನೇ ಇಟ್ಟುಕೊಂಡಿದ್ದ ಒಂದು ಸಣ್ಣ ಸ್ವಿಚ್ಚು ಇತ್ತು; ಅದನ್ನು ಒತ್ತಿದರೆ ಅಕ್ಕನ ಪೆಟ್ಟಿಗೆಗೂ ಆಂಪ್ಲಿಫೈಯರಿಗೂ ಸಂಬಂಧ ಕಡಿದು, ದನಿ ಇದ್ದ ಹಾಗೆ ಹೊರಡುತ್ತದೆ. ಅವನು ಒತ್ತಿದ.

"ಹಾಂ, ಈಗ ಮನುಷ್ಯರ ದನಿ ಬಂತು" ಎಂದು ರಾಮಚಂದ್ರಪ್ಪನವರು ಅವನ ಭುಜದ ಮೇಲೆ ಕೈಯಿಟ್ಟು ಅಲ್ಲೇ ನಿಂತರು.

ಆಗಲೇ ನೀಲಳ ಹೆಸರನ್ನು ಕೂಗಿದರು.

ಹುಡುಗಿ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಳು. ಆ ಕಾಲದ ಮೈಕು ದೊಡ್ಡ ಪಪ್ಪಾಯಿಯಷ್ಟಿತ್ತು. ಅದು ನೀಲಳ ಬಾಯಿಗೆ ಸರಿಯಾಗಿ ಅಡ್ಡ ಬಂದಿತು. ಮೈಕಿಲ್ಲದಿದ್ದರೆ ಯಲ್ಲಕ್ಕ ಅಷ್ಟು ದೂರದಿಂದಲೂ ತುಟಿ ನೋಡಿ ಅರ್ಧವನ್ನಾದರೂ ತಿಳಿದುಕೊಳ್ಳುತ್ತಿದ್ದಳು. ಪಾಲಯ್ಯ ತನ್ನ ಕೈಯಾರೆ ಅದನ್ನೂ ಮರೆಮಾಡಿ ಇಟ್ಟಿದ್ದ.

ಅವನು ಅಕ್ಕನ ಕಡೆ ನೋಡಿದ. ಅವಳು ಮೂರಕ್ಕೆ ತಿರುಗಿಸಿದಳು. ನಾಲ್ಕಕ್ಕೆ. ಐದಕ್ಕೆ. ಮತ್ತೆ ಮೂರಕ್ಕೆ ಬಂದಳು. ಬೆರಳು ಗೀರಿನಿಂದ ಗೀರಿಗೆ ಓಡಾಡುತ್ತಿತ್ತು. ಆಮೇಲೆ ತಲೆಯೆತ್ತಿ ಅವನನ್ನು ನೋಡಿದಳು. ಪಾಲಯ್ಯ ಎರಡು ಬೆರಳನ್ನು ಕಿವಿಗೆ ತಟ್ಟಿ, ಹುಬ್ಬೇರಿಸಿ, ಮಿಲ್ ಮಾತಿನಲ್ಲಿ ಕೇಳಿದ: ಕೇಳುತ್ತಿದೆಯಾ?

ಅವಳು ಬೆರಳನ್ನು ಗುಂಡಿಯಿಂದ ತೆಗೆದಳು. ಆಮೇಲೆ ಅಂಗೈ ಅಲುಗಿಸಿ ಉತ್ತರ ಕೊಟ್ಟಳು: ಚೆನ್ನಾಗಿ.

ಆ ಹೊತ್ತಿಗೆ ನೀಲ, ಬಾಯಿಪಾಠ ಮಾಡಿದ ಭಾಷಣವನ್ನು ಮುಗಿಸಿ, ಅದರಲ್ಲಿ ಇಲ್ಲದ ಮಾತೊಂದನ್ನು ಆಡಿದಳು. "ನಮ್ಮ ತಾಯಿ ಅಲ್ಲಿ ಕುಳಿತಿದ್ದಾರೆ. ಮಿಲ್ಲಿನಲ್ಲಿ ದುಡಿದು ಅವರ ಕಿವಿ ಮಂದವಾಗಿದೆ. ಅವರ ಕೈಯಲ್ಲಿರುವ ಪೆಟ್ಟಿಗೆಯನ್ನು ನಮ್ಮ ಮಾವ ಮಾಡಿದ್ದಾರೆ. ಇವತ್ತು ನಮ್ಮ ತಾಯಿಗೆ ನನ್ನ ಮಾತು ಕೇಳುತ್ತಿದೆ."

ಐನೂರು ತಲೆಗಳು ಯಲ್ಲಕ್ಕನ ಕಡೆ ತಿರುಗಿದವು. ಚಪ್ಪಾಳೆ ಎದ್ದಿತು. ಏಕೆ ತಿರುಗಿದರೆಂದು ತಿಳಿಯದ ಯಲ್ಲಕ್ಕ ಸೆರಗು ಸರಿಮಾಡಿಕೊಂಡು ನಕ್ಕಳು. ಎಲ್ಲರಿಗೂ ಕಾಣುವಂತೆ ಗುಂಡಿಯನ್ನು ಒಮ್ಮೆ ತಿರುಗಿಸಿದಳು.

ಪಾಲಯ್ಯನ ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು. ಒಂದು ಸಲ ಒತ್ತಿದರೆ ಸಾಕು. ಅಷ್ಟು ಹೊತ್ತಿಗೆ ಸಭೆಯೇ ಅವಳ ಪರವಾಗಿತ್ತು; ಯಾರೂ ಕೂಗುತ್ತಿರಲಿಲ್ಲ. ಆದರೆ ಭುಜದ ಮೇಲೆ ರಾಮಚಂದ್ರಪ್ಪನವರ ಕೈ ಇತ್ತು, ಕಿವಿಯಲ್ಲಿ ಜೀರುಂಡೆಯ ನಗೆ ಇತ್ತು. ಅವನು ಒತ್ತಲಿಲ್ಲ. ನೀಲ ಇನ್ನೂ ಎರಡು ನಿಮಿಷ ಮಾತಾಡಿ ಇಳಿದಳು.

ರೈಲಿನಲ್ಲಿ ಮರಳುವಾಗ ನೀಲ ತಾಯಿಯ ಎದುರಿಗೆ ಕುಳಿತು, ತುಟಿ ಅಗಲಿಸಿ ಕೇಳಿದಳು: "ಕೇಳಿಸ್ತೇನವ್ವ? ಇಲ್ಲಂದ್ರೆ ಈಗ ಇನ್ನೊಮ್ಮೆ ಹೇಳ್ಲಾ?"

ಯಲ್ಲಕ್ಕ ತಮ್ಮನ ಮುಖ ನೋಡಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ.

"ಅಯ್ಯ, ಯಾಕ ಇನ್ನೊಮ್ಮೆ? ಎಲ್ಲಾ ಕೇಳ್ತು. ನಿನ್ನ ಮಾವ ಮಾಡಿದ್ದು ಸುಳ್ಳಾಗ್ತೈತೇನು?"

ಅಲ್ಲಿಗೆ ಆ ಮಾತು ಮುಗಿಯಿತು. ಮುಗಿದದ್ದೇ ತಪ್ಪಾಯಿತು. ಕೇಳಿತೆಂದು ಹೇಳಿದ ಮೇಲೆ ಯಲ್ಲಕ್ಕ ಮಗಳನ್ನು ಮತ್ತೆ ಕೇಳುವಂತಿರಲಿಲ್ಲ. ಅವಳಿಗೆ ಕೇಳಿತೆಂದು ನಂಬಿದ ನೀಲ ಮತ್ತೆ ಹೇಳುವಂತಿರಲಿಲ್ಲ. ಸ್ವಿಚ್ಚಿನ ವಿಷಯ ಬಾಯಿಬಿಡಲಾರದ ಪಾಲಯ್ಯ, ಪೆಟ್ಟಿಗೆ ಹಚ್ಚಿ ಇನ್ನೊಮ್ಮೆ ಕೂರಿಸೋಣವೆನ್ನುವಂತೆಯೂ ಇರಲಿಲ್ಲ. ಅಂಗಡಿಗೆ ಬಂದವನೇ ಅವನು ರಿಲೇಗಳನ್ನು ಬಿಚ್ಚಿ ಡಬ್ಬಿಗೆ ಹಾಕಿದ.

ಮಸ್ತಾನಸಾಬರು ನೋಡಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. "ಪಾಲಯ್ಯ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ. ನಿನ್ನ ಕಿವೀನೂ ಮಿಲ್ಲಿನ ಕಿವಿನೇ. ಆರು ವರ್ಷ ಮಗ್ಗದ ಮುಂದೆ ನಿಂತಿದ್ದಿ. ನಿನಗೆ ಗಾಜು ಅನ್ಸಿದ್ದು ನನಗೆ ಸೂಜಿ ಆಗಿತ್ತು."

"ಮೊದ್ಲೇ ಯಾಕ ಹೇಳ್ಲಿಲ್ಲ ಸಾಬ್ರೆ?"

"ಓಣಿಯವ್ರಿಗೆ ಅಂತ ಮಾಡಿದ್ದಿ, ಅವ್ರು ಖುಷಿಯಾಗಿದ್ರು. ನನ್ನ ಕಿವಿ ಯಾವ ಲೆಕ್ಕ ಅಂದ್ಕೊಂಡೆ."

ಮರುವರ್ಷ ಒಂದು ಮದುವೆಯ ಚಪ್ಪರದಲ್ಲಿ ಹಾರ್ನು ಕಟ್ಟುತ್ತಿರುವಾಗ ಪಾಲಯ್ಯನಿಗೆ ಇನ್ನೊಂದು ಹೊಳೆಯಿತು. ಕಟ್ಟುತ್ತಿದ್ದ ಹಾರ್ನನ್ನು ಬಿಟ್ಟು ಏಣಿಯಿಂದ ಇಳಿದುಬಂದ. ರಿಲೇ ಬೇಕಿರಲಿಲ್ಲ, ಮೂವತ್ತು ಮೊಳದ ವೈರು ಬೇಕಿರಲಿಲ್ಲ. ಹೆಂಗಸರ ಕಡೆಯ ತುದಿಯ ಒಂದೇ ಹಾರ್ನಿನ ಬಾಲಕ್ಕೆ ಒಂದು ಕಂಡೆನ್ಸರು ಕಟ್ಟಿದ್ದರೆ, ಅಕ್ಕ ಕುಳಿತ ಮೂಲೆಗೆ ಮಾತ್ರ ಚೂಪು ದನಿ ಬರುತ್ತಿತ್ತು. ಉಳಿದವರಿಗೆ ಮಾಮೂಲು ದನಿ. ಐದು ನಿಮಿಷದ ಕೆಲಸ. ಪೆಟ್ಟಿಗೆಯ ಚೆಂದಕ್ಕೆ ಮರುಳಾಗಿ, ಇಡೀ ಸಭೆಯ ದನಿಯನ್ನೇ ಅಕ್ಕನ ಕೈಗೆ ಕೊಡಹೊರಟು, ಕೊನೆಗೆ ಅವಳ ಕೈಗೆ ಏನೂ ಕೊಡದೆ ಹೋದ.

ವರ್ಷಗಳು ಉರುಳಿದವು. ನೀಲ ಶಿಕ್ಷಕಿಯ ತರಬೇತಿಗೆ ಹೋದಳು. ಮದುವೆಯಾಗಿ ಬಳ್ಳಾರಿ ಸೇರಿದಳು. ಮಕ್ಕಳನ್ನು ಕರೆದುಕೊಂಡು ಬಂದಾಗ, ಹರಿಹರದ ಭಾಷಣದ ನೆನಪಾದರೆ ನಗುವಳು: "ಕಾಲು ನಡುಗಿದ್ದೊಂದು ಬಿಟ್ರೆ ಏನ್ ಹೇಳಿದ್ನೋ ಒಂದೂ ನೆನಪಿಲ್ಲ ಮಾವ." ಯಲ್ಲಕ್ಕನ ಕಿವಿ ವರ್ಷದಿಂದ ವರ್ಷಕ್ಕೆ ಮುಚ್ಚುತ್ತ ಬಂದು, ಸಾವಿರದ ಒಂಬೈನೂರ ಅರವತ್ತಾರರ ಹೊತ್ತಿಗೆ ಗುಡುಗೂ ಕೇಳದಂತಾಯಿತು. ಮಿಲ್ಲು ಬಿಟ್ಟು ಮನೆಯಲ್ಲೇ ಇದ್ದಳು. ದೇವರ ಗೂಡಿನ ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಮಾತ್ರ ಪ್ರತಿ ಸೋಮವಾರ ಒರೆಸಿಡುತ್ತಿದ್ದಳು. ಆ ಒರೆಸುವುದನ್ನು ನೋಡಲಾರದೆ ಪಾಲಯ್ಯ ಸೋಮವಾರ ಬೆಳಗ್ಗೆ ಬೇಗ ಅಂಗಡಿಗೆ ಹೊರಟುಬಿಡುತ್ತಿದ್ದ.

ಅರವತ್ತೆಂಟರ ಬೇಸಿಗೆಯಲ್ಲಿ ಒಂದು ಸೋಮವಾರ ಜ್ವರ ಬಂದು ಅವನು ಮನೆಯಲ್ಲೇ ಉಳಿದ. ಹೊಸಿಲ ಬೆಳಕಿನಲ್ಲಿ ಕುಳಿತು ಯಲ್ಲಕ್ಕ ಪೆಟ್ಟಿಗೆ ಒರೆಸುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ. ಎದುರಿಗೆ ಹೋಗಿ ಕುಳಿತು, ದನಿಯಿಲ್ಲದೆ, ತುಟಿಯಲ್ಲಿ ಹೇಳಿದ: "ಅಕ್ಕ, ಆವತ್ತು ಹರಿಹರದಾಗ ನಾನು ಇದನ್ನ ಕಡಿದುಬಿಟ್ಟಿದ್ದೆ."

ಯಲ್ಲಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು."

"ಹೆಂಗೆ?"

"ಟಕ್ ಅನ್ಲಿಲ್ಲ."

ಅವನು ಕಳೆಯಲಾರದೆ ನಾಚಿಕೊಂಡಿದ್ದ ಆ ಊನ. ಅದು ದಪ್ಪ ಸದ್ದು. ಅವಳ ಕಿವಿಗೂ ಬೀಳುತ್ತಿದ್ದ ಸದ್ದು.

"ಮತ್ತೆ ಯಾಕ ತಿರುಗಿಸ್ತಾ ಕುಂತಿದ್ದಿ?"

"ನೀನು ನೋಡ್ತಿದ್ಯಲ್ಲೋ" ಎಂದಳು ಯಲ್ಲಕ್ಕ. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ ಹತ್ತು ವರ್ಷ ಹಿಡಿದಿಟ್ಟದ್ದನ್ನು ಮೆಲ್ಲನೆ ಕೇಳಿದಳು: "ಹೋಗ್ಲಿ ಬಿಡು. ನೀನಂತೂ ಕೇಳಿದ್ಯಲ್ಲ. ಅಷ್ಟು ಮಂದಿ ನನ್ನ ಕಡಿ ಯಾಕ ತಿರುಗಿದ್ರು? ಏನಂದ್ಲೋ ನನ್ನ ಮಗಳು?"

ಪಾಲಯ್ಯ ನೆನಪು ಮಾಡಿಕೊಂಡ. ಭುಜದ ಮೇಲಿನ ಕೈ ನೆನಪಿತ್ತು. ತಗಡು, ಜೀರುಂಡೆ, ಅಧ್ಯಕ್ಷರ ತಲೆನೋವು ನೆನಪಿತ್ತು. ಸ್ವಿಚ್ಚಿನ ತಣ್ಣನೆಯ ತುದಿ ಬೆರಳಿಗೆ ನೆನಪಿತ್ತು. ಹುಡುಗಿ ಏಳೆಂಟು ನಿಮಿಷ ಆಡಿದ ಮಾತಿನಲ್ಲಿ ಅವನ ಕಿವಿಯೊಳಗೆ ಉಳಿದಿದ್ದದ್ದು ಒಂದೇ ಸಾಲು.

ಅವನು ಅಕ್ಕನ ಎದುರು ಇನ್ನಷ್ಟು ಹತ್ತಿರಕ್ಕೆ ಸರಿದು, ತುಟಿಯನ್ನು ಅಗಲವಾಗಿ ಆಡಿಸಿ, ಎರಡು ಬೆರಳನ್ನು ಕಿವಿಗೆ ತಟ್ಟಿ ಹೇಳಿದ:

"ಇವತ್ತು ನಮ್ಮ ಅವ್ವಗ ನನ್ನ ಮಾತು ಕೇಳ್ತೈತೆ, ಅಂದ್ಲು."

ಯಲ್ಲಕ್ಕ ಅವನ ತುಟಿಯನ್ನೇ ನೋಡುತ್ತಿದ್ದಳು. ಆ ಮಾತು ಮುಗಿದ ಮೇಲೂ ನೋಡುತ್ತಿದ್ದಳು.

"ಮುಂದ?" ಎಂದಳು.